ಅಕ್ಕಿ ಹಾಕಿದ ಬಿಯರ್‌ಗೆ ಮೂಗು ಮುರಿಯುವವರು

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಪಾಟ್ಸ್‌ವಿಲ್ ಕಲ್ಲಿದ್ದಲ ಗಣಿಗಳ ಸುತ್ತ ಬೆಳೆದ ಊರು. ಅಲ್ಲಿ ಯಿಂಗ್ಲಿಂಗ್ ಮನೆತನದವರು 1829ರಿಂದ ಬಿಯರ್ ತಯಾರಿಸುತ್ತಿದ್ದಾರೆ. ಅಮೆರಿಕದಲ್ಲಿ ಇವತ್ತಿಗೂ ನಡೆಯುತ್ತಿರುವ ಬ್ರೂವರಿಗಳಲ್ಲಿ ಇದೇ ಅತಿ ಹಳೆಯದು. ಒಡೆತನ ಈಗಲೂ ಅದೇ ಕುಟುಂಬದ್ದು. ಮಿನ್ನೆಸೋಟಾದ ನ್ಯೂ ಉಲ್ಮ್ ಊರಿನಲ್ಲಿ ಇಂಥದ್ದೇ ಇನ್ನೊಂದು ಬ್ರೂವರಿಯಿದೆ. ಆಗಸ್ಟ್ ಶೆಲ್ ಎಂಬ ಜರ್ಮನ್ ವಲಸಿಗ 1860ರಲ್ಲಿ ಕಟ್ಟಿದ್ದು, ಅದೂ ಮನೆತನದ ಕೈಯಲ್ಲೇ ಉಳಿದಿದೆ.

2012ರ ಡಿಸೆಂಬರ್‌ನಲ್ಲಿ ಆ ದೇಶದ ಸಣ್ಣ ಬ್ರೂವರಿಗಳ ಸಂಘಟನೆಯಾದ ಬ್ರೂವರ್ಸ್ ಅಸೋಸಿಯೇಷನ್, ಯಾರು ಕ್ರಾಫ್ಟ್ (ಸಣ್ಣ, ಸ್ವತಂತ್ರ, ಕಸುಬಿನ ಕಾಳಜಿಯ ಬಿಯರ್ ತಯಾರಕರು) ಅಲ್ಲ ಎಂದು ಹೇಳುವ ಪಟ್ಟಿಯೊಂದನ್ನು ಹೊರಡಿಸಿತು. ಈ ಎರಡೂ ಬ್ರೂವರಿಗಳ ಹೆಸರು ಅದರಲ್ಲಿದ್ದವು. ಅವು ದೈತ್ಯ ಕಂಪನಿಗಳೇನೂ ಅಲ್ಲ, ಯಾರ ಕೈಗೊಂಬೆಯೂ ಅಲ್ಲ. ಅವುಗಳ ತಪ್ಪು ಒಂದೇ: ಬಿಯರ್‌ಗೆ ಬಾರ್ಲಿಯ ಜೊತೆ ಮೆಕ್ಕೆಜೋಳ ಹಾಕುತ್ತಿದ್ದವು. ಸಂಘದ ಅಂದಿನ ನಿಯಮದಲ್ಲಿ ರುಚಿಯನ್ನು ಹೆಚ್ಚಿಸಲು ಬೇರೆ ಪದಾರ್ಥ ಹಾಕಬಹುದಿತ್ತು, ರುಚಿಯನ್ನು ಹಗುರಗೊಳಿಸಲು ಹಾಕುವಂತಿರಲಿಲ್ಲ. ಕುಂಬಳಕಾಯಿ, ಕಾಫಿ, ಕಿತ್ತಳೆ ಸಿಪ್ಪೆ ಹಾಕಿದರೆ ಕ್ರಾಫ್ಟ್. ಅಕ್ಕಿ ಅಥವಾ ಮೆಕ್ಕೆಜೋಳವನ್ನೇ ನೆಚ್ಚಿಕೊಂಡರೆ ಅಲ್ಲ. ಶೆಲ್ ಮನೆಯವರಿಗೆ ಇದು ತಡೆಯಲಾಗಲಿಲ್ಲ. ನಮ್ಮ ಮೂಲಪುರುಷ ಮೆಕ್ಕೆಜೋಳ ಹಾಕಿದ್ದು ಕಾಸು ಉಳಿಸಲು ಅಲ್ಲ, ಅಂದಿನ ಅಮೆರಿಕದ ಬಾರ್ಲಿಯಲ್ಲಿ ಒಳ್ಳೆಯ ಬಿಯರ್ ಮಾಡಲು ಅದೇ ದಾರಿಯಾಗಿತ್ತು ಎಂದು ಬಹಿರಂಗ ಪತ್ರ ಬರೆದರು. 2014ರಲ್ಲಿ ಸಂಘ ನಿಯಮ ಬದಲಿಸಿತು. ಯಿಂಗ್ಲಿಂಗ್ ಮತ್ತು ಶೆಲ್ ಕ್ರಾಫ್ಟ್ ಆದರು. ಬಾಟಲಿಯೊಳಗಿನ ಬಿಯರ್ ಮಾತ್ರ ಮೊದಲಿದ್ದದ್ದೇ.

ಕ್ರಾಫ್ಟ್ ಬಿಯರ್ ಪ್ರಿಯರು ಮಾಮೂಲಿ ಬಿಯರನ್ನು ಕೀಳಾಗಿ ಕಾಣುವುದು ಏಕೆ ಎಂದು ಯಾರಾದರೂ ಕೇಳಿದರೆ ನಾನು ಈ ಪ್ರಸಂಗದಿಂದಲೇ ಶುರು ಮಾಡುತ್ತೇನೆ. ಬಿಯರ್ ಹೇಗೆ ತಯಾರಾಗುತ್ತದೆ, ಕಂಪನಿ ಯಾರದು, ಅದನ್ನು ಕುಡಿಯುವವರು ಯಾರು ಎಂಬ ಮೂರು ಬೇರೆ ಬೇರೆ ಪ್ರಶ್ನೆಗಳು ಇಲ್ಲಿ ಒಂದೇ ಗಂಟಾಗಿ ಬಿದ್ದಿವೆ. ಮೂರನ್ನೂ ಬಿಡಿಸಿ ನೋಡಿದರೆ ಕೆಲವು ಸಿಟ್ಟು ನ್ಯಾಯವಾದದ್ದು ಎಂದು ಕಾಣುತ್ತದೆ. ಕೆಲವು ಬರೀ ಹಮ್ಮು.

ಮೊದಲು ತಯಾರಿಕೆ. ನಮ್ಮ ಮನೆಗಳಲ್ಲಿ ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ ಮಾಲ್ಟ್ ಮಾಡುತ್ತೇವಲ್ಲ, ಬಿಯರ್‌ಗೆ ಬಾರ್ಲಿಯನ್ನು ಹದಮಾಡುವುದೂ ಹಾಗೆಯೇ. ಮೊಳಕೆಯೊಡೆದ ಕಾಳಿನಲ್ಲಿರುವ ಕಿಣ್ವಗಳು ಬಿಸಿನೀರು ಸೋಕಿದಾಗ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತವೆ. ಆ ಸಿಹಿನೀರಿಗೆ ಹಾಪ್ಸ್ ಎಂಬ ಕಹಿ ಹೂವು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿದರೆ ಹುದುಗು ಬಂದು ಬಿಯರ್ ಆಗುತ್ತದೆ. ಯೀಸ್ಟ್ ಮಾಮೂಲಿ ಉಷ್ಣಾಂಶದಲ್ಲಿ ಚುರುಕಾಗಿ ಕೆಲಸ ಮಾಡಿದರೆ ಏಲ್. ಸುಮಾರು 10 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ನಿಧಾನವಾಗಿ ಹುದುಗಿ, ಆಮೇಲೆ ವಾರಗಟ್ಟಲೆ ಸೊನ್ನೆಯ ಆಸುಪಾಸಿನಲ್ಲಿ ಮಾಗಿದರೆ ಲಾಗರ್. ಬಡ್‌ವೈಸರ್, ಹೈನೆಕೆನ್, ಕಿಂಗ್‌ಫಿಷರ್ ಎಲ್ಲ ಲಾಗರ್ ಜಾತಿಯವು. ಕ್ರಾಫ್ಟ್ ಚಳವಳಿಗೆ ಹೆಸರು ತಂದದ್ದು ಹೆಚ್ಚಾಗಿ ಏಲ್‌ಗಳು, ಅದರಲ್ಲೂ ಐಪಿಎ ಎಂದು ಕರೆಯುವ ಗಾಢ ಕಹಿಯ ಏಲ್.

1842ರಲ್ಲಿ ಬೊಹೀಮಿಯಾದ (ಈಗಿನ ಚೆಕ್ ದೇಶ) ಪಿಲ್ಸೆನ್ ಊರಿನಲ್ಲಿ ಹೊಂಬಣ್ಣದ ತಿಳಿ ಲಾಗರ್ ಹುಟ್ಟಿತು. ಅಮೆರಿಕಕ್ಕೆ ಹೋದ ಜರ್ಮನ್ ವಲಸಿಗರಿಗೆ ಅಲ್ಲೂ ಅಂಥದ್ದೇ ಬಿಯರ್ ಬೇಕಾಗಿತ್ತು. ಯುರೋಪಿನಲ್ಲಿ ಬಳಸುತ್ತಿದ್ದುದು ತೆನೆಯಲ್ಲಿ ಎರಡು ಸಾಲು ಕಾಳು ಕಟ್ಟುವ ಬಾರ್ಲಿ. ಅಮೆರಿಕದಲ್ಲಿ ಹುಲುಸಾಗಿ ಬೆಳೆಯುತ್ತಿದ್ದುದು ಆರು ಸಾಲಿನದು. ಅದರಲ್ಲಿ ಪ್ರೋಟೀನ್ ಜಾಸ್ತಿ. ಬಿಯರ್ ತಣ್ಣಗಾದರೆ ಮಬ್ಬು ಕಟ್ಟುತ್ತಿತ್ತು, ಬಾಟಲಿಯಲ್ಲಿ ಬೇಗ ಕೆಡುತ್ತಿತ್ತು. ಆದರೆ ಅದೇ ಬಾರ್ಲಿಯಲ್ಲಿ ಕಿಣ್ವಗಳೂ ಜಾಸ್ತಿ. ತನ್ನ ಪಿಷ್ಟವನ್ನಷ್ಟೇ ಅಲ್ಲ, ಬೇರೆ ಧಾನ್ಯದ ಪಿಷ್ಟವನ್ನೂ ಒಡೆಯುವಷ್ಟು. ಹಾಗಾಗಿ ಪ್ರೋಟೀನ್ ಕಡಿಮೆಯಿರುವ ಮೆಕ್ಕೆಜೋಳವನ್ನೋ ಅಕ್ಕಿಯನ್ನೋ ಸೇರಿಸಿದರೆ ಮಬ್ಬು ಹೋಗಿ ಬಿಯರ್ ತಿಳಿಯಾಗುತ್ತದೆ ಎಂದು ಕಂಡುಕೊಂಡರು. ಸೇಂಟ್ ಲೂಯಿಸ್‌ನ ಅಡಾಲ್ಫಸ್ ಬುಶ್ 1876ರಲ್ಲಿ ಹೊರತಂದ ಬಡ್‌ವೈಸರ್ ಈ ದಾರಿಯಲ್ಲಿ ಅಕ್ಕಿಯನ್ನು ಆರಿಸಿಕೊಂಡಿತು.

ಅಕ್ಕಿ ಹಾಕಿದರೆ ಕೆಲಸ ಕಡಿಮೆಯಾಗುತ್ತದೆ ಎಂದುಕೊಳ್ಳಬೇಡಿ. ಬಾರ್ಲಿ ನೆನೆಯುವ ಬಿಸಿನೀರಿನಲ್ಲಿ ಅಕ್ಕಿಯ ಪಿಷ್ಟ ಬಿಡುವುದೇ ಇಲ್ಲ. ಅದನ್ನು ಬೇರೆ ಕೊಪ್ಪರಿಗೆಯಲ್ಲಿ ಬೇಯಿಸಿ, ಗಂಜಿ ಮಾಡಿ, ಆಮೇಲೆ ಬಾರ್ಲಿಯ ಜೊತೆ ಸೇರಿಸಬೇಕು. ಬರೀ ಬಾರ್ಲಿಯ ಬಿಯರ್‌ಗೆ ಈ ತಾಪತ್ರಯವಿಲ್ಲ.

ತಿಳಿ ಲಾಗರ್ ಮಾಡುವ ಕಷ್ಟ ಅಷ್ಟಕ್ಕೇ ಮುಗಿಯುವುದಿಲ್ಲ. ಮಸಾಲೆ ಅರೆದು ಹಾಕಿದ ಹುಳಿಯಲ್ಲಿ ಬೇಳೆ ಸ್ವಲ್ಪ ತಳ ಹಿಡಿದಿದ್ದರೂ ಮುಚ್ಚಿಹೋಗಬಹುದು. ತಿಳಿಸಾರಿನಲ್ಲಿ ಹಾಗಾಗದು, ಮೊದಲ ಗುಟುಕಿಗೇ ಗೊತ್ತಾಗುತ್ತದೆ. ಬಿಯರ್‌ನಲ್ಲೂ ಹಾಗೆಯೇ. ಯೀಸ್ಟ್ ಕೆಲಸ ಅರ್ಧಕ್ಕೆ ನಿಂತರೆ ಬೆಣ್ಣೆಯ ವಾಸನೆಯೋ ಹಸಿ ಸೇಬಿನ ವಾಸನೆಯೋ ಉಳಿದುಬಿಡುತ್ತದೆ. ಕುದಿತ ಸಾಲದಿದ್ದರೆ ಬೇಯಿಸಿದ ಮೆಕ್ಕೆಜೋಳದ ವಾಸನೆ. ಬಾಟಲಿಗೆ ತುಂಬುವಾಗ ಗಾಳಿ ಸೇರಿದರೆ ನೆನೆದ ರಟ್ಟಿನ ವಾಸನೆ. ಐಪಿಎಯಲ್ಲಿ ಹಾಪ್ಸ್‌ನ ಅಬ್ಬರ ಇವುಗಳಲ್ಲಿ ಕೆಲವನ್ನು ಅಡಗಿಸಿಬಿಡಬಹುದು, ತಿಳಿ ಲಾಗರ್‌ನಲ್ಲಿ ಅಡಗಲು ಜಾಗವೇ ಇಲ್ಲ. ಬೇರೆ ಬೇರೆ ಊರಿನ ಕಾರ್ಖಾನೆಗಳಲ್ಲಿ, ಬೇರೆ ಬೇರೆ ನೀರಿನಲ್ಲಿ, ಪ್ರತಿವರ್ಷ ಬದಲಾಗುವ ಬೆಳೆಯಲ್ಲಿ ಒಂದೇ ರುಚಿ ಬರಿಸುವುದು ದೊಡ್ಡ ವಿದ್ಯೆ. ಬಡ್‌ವೈಸರ್ ಜಾಹೀರಾತಿನಲ್ಲಿ ಬರುವ ಬೀಚ್ ಮರದ ಚಕ್ಕೆಗಳು ರುಚಿಗೆಂದು ಹಾಕುವುವಲ್ಲ. ಅವನ್ನು ಮೊದಲೇ ಅಡುಗೆ ಸೋಡಾ ನೀರಿನಲ್ಲಿ ಕುದಿಸಿ ಮರದ ರುಚಿಯನ್ನೆಲ್ಲ ತೆಗೆದಿರುತ್ತಾರೆ. ಯೀಸ್ಟ್ ಕೂತು ಕೆಲಸ ಮುಗಿಸಲು ಹೆಚ್ಚು ಜಾಗ ಸಿಗಲಿ ಎಂಬುದಷ್ಟೇ ಉದ್ದೇಶ.

ಇದನ್ನು ಕ್ರಾಫ್ಟ್ ಬ್ರೂವರ್‌ಗಳು ಚೆನ್ನಾಗಿ ಬಲ್ಲರು. ಮೇಲೆ ಹೇಳಿದ ಅದೇ ಬ್ರೂವರ್ಸ್ ಅಸೋಸಿಯೇಷನ್ ನಡೆಸುವ ಗ್ರೇಟ್ ಅಮೆರಿಕನ್ ಬಿಯರ್ ಫೆಸ್ಟಿವಲ್‌ನಲ್ಲಿ ಅಮೆರಿಕನ್ ಲಾಗರ್‌ಗೆ ಪ್ರತ್ಯೇಕ ವಿಭಾಗವಿದೆ. ತೀರ್ಪುಗಾರರಿಗೆ ಯಾವ ಬ್ರ್ಯಾಂಡ್ ಎಂದು ಹೇಳದೆ ರುಚಿ ನೋಡಿಸುತ್ತಾರೆ. ಆ ವಿಭಾಗದಲ್ಲಿ ಮಿಲ್ಲರ್, ಕೂರ್ಸ್, ಪ್ಯಾಬ್ಸ್ಟ್‌ನಂಥ ದೊಡ್ಡ ಹೆಸರುಗಳು ಮತ್ತೆ ಮತ್ತೆ ಪದಕ ಗೆದ್ದಿವೆ. ಅಭಿಮಾನಿಗಳು ತಲುಪದ ತೀರ್ಮಾನಕ್ಕೆ ವೃತ್ತಿಯವರು ಎಂದೋ ತಲುಪಿದ್ದರು.

ಹಾಗಾದರೆ ಅಷ್ಟೊಂದು ಸಿಟ್ಟು ಹುಟ್ಟಿದ್ದು ಎಲ್ಲಿಂದ? ಅದಕ್ಕೆ ಗಟ್ಟಿ ಕಾರಣವಿದೆ, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. 1873ರಲ್ಲಿ ಅಮೆರಿಕದಲ್ಲಿ 4,000ಕ್ಕೂ ಹೆಚ್ಚು ಬ್ರೂವರಿಗಳಿದ್ದವು. ಆಮೇಲೆ ಅವು ಕಡಿಮೆಯಾಗುತ್ತಾ ಬಂದವು, 1920ರಿಂದ 1933ರವರೆಗಿನ ಪಾನನಿಷೇಧದಲ್ಲಿ ಉಳಿದವುಗಳಲ್ಲೂ ಬಹುಪಾಲು ಮುಚ್ಚಿದವು. ನಿಷೇಧ ತೆಗೆದ ಮೇಲೆ ತಲೆಯೆತ್ತಿದ್ದು ರೆಫ್ರಿಜರೇಟರ್ ಲಾರಿ, ರಾಷ್ಟ್ರವ್ಯಾಪಿ ಜಾಹೀರಾತು, ದೊಡ್ಡ ಬಂಡವಾಳ ಇದ್ದವರು ಮಾತ್ರ. 1970ರ ದಶಕದ ಕೊನೆಗೆ ಅಷ್ಟು ದೊಡ್ಡ ದೇಶದಲ್ಲಿ ಉಳಿದಿದ್ದು 100ಕ್ಕಿಂತ ಕಡಿಮೆ ಬ್ರೂವರಿಗಳು, ಅವುಗಳಲ್ಲಿ ಹೆಚ್ಚಿನವು ಒಂದೇ ತೆರನಾದ ಹಗುರ ಲಾಗರ್ ತಯಾರಿಸುತ್ತಿದ್ದವು. ಕಪ್ಪು ಸ್ಟೌಟ್ ಬೇಕು, ಗೋಧಿ ಬಿಯರ್ ಬೇಕು ಎಂದವನಿಗೆ ಆಮದು ಬಾಟಲಿಯೇ ಗತಿ.

ಆ ಕಾಲದ ಷ್ಲಿಟ್ಜ್ ಕಂಪನಿಯ ಕಥೆ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಮಿಲ್ವಾಕಿಯ ಈ ಬಿಯರ್ ಒಂದು ಕಾಲಕ್ಕೆ ದೇಶದಲ್ಲೇ ಅತಿ ಹೆಚ್ಚು ಮಾರಾಟವಾಗುತ್ತಿತ್ತು. 1970ರ ದಶಕದಲ್ಲಿ ಖರ್ಚು ಇಳಿಸಲು ಹುದುಗುವ ಅವಧಿಯನ್ನು ಕಡಿತ ಮಾಡಿದರು, ಬಾರ್ಲಿ ಮಾಲ್ಟಿನ ಪಾಲು ತಗ್ಗಿಸಿ ಕಾರ್ನ್ ಸಿರಪ್ ಸುರಿದರು. ಮಬ್ಬು ತಡೆಯಲು ಹಾಕಿದ ಒಂದು ವಸ್ತು ನೊರೆ ನಿಲ್ಲಿಸಲು ಹಾಕಿದ ಇನ್ನೊಂದರ ಜೊತೆ ಸೇರಿ, ಬಾಟಲಿಯಲ್ಲಿ ಬಿಳಿ ಚೂರುಗಳು ತೇಲತೊಡಗಿದವು. 1976ರಲ್ಲಿ ಸುಮಾರು 1 ಕೋಟಿ ಬಾಟಲಿ, ಕ್ಯಾನ್‌ಗಳನ್ನು ವಾಪಸ್ ತರಿಸಬೇಕಾಯಿತು. ಕುಡಿಯುವವರು ಕೈಬಿಟ್ಟರು. 1982ರಲ್ಲಿ ಕಂಪನಿಯೇ ಮಾರಾಟವಾಗಿ ಹೋಯಿತು. ಅದನ್ನು ಕೈಬಿಟ್ಟವರು ದಿನಾ ಸಂಜೆ ಅಗ್ಗದ ಲಾಗರ್ ಕುಡಿಯುತ್ತಿದ್ದ ಸಾಮಾನ್ಯ ಗಿರಾಕಿಗಳು. ಅಂಥವರಿಗೆ ನಾಲಿಗೆಯೇ ಇಲ್ಲ ಎನ್ನುವವರು ಈ ಕಥೆಯನ್ನು ಓದಬೇಕು.

ಕ್ರಾಫ್ಟ್ ಬಂಡಾಯ ಎದ್ದದ್ದು ಈ ಬರಗಾಲದಲ್ಲಿ. 1965ರಲ್ಲಿ ಫ್ರಿಟ್ಜ್ ಮೇಟ್ಯಾಗ್ ಮುಳುಗುತ್ತಿದ್ದ ಸ್ಯಾನ್ ಫ್ರಾನ್ಸಿಸ್ಕೋದ ಆ್ಯಂಕರ್ ಬ್ರೂವರಿಯನ್ನು ಕೊಂಡುಕೊಂಡರು. 1976ರಲ್ಲಿ ಜ್ಯಾಕ್ ಮೆಕಾಲಿಫ್ ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ ನ್ಯೂ ಆಲ್ಬಿಯನ್ ಶುರುಮಾಡಿದರು. ಕೆಲವೇ ವರ್ಷಗಳಲ್ಲಿ ಅದು ಮುಚ್ಚಿದರೂ ದಾರಿ ತೋರಿಸಿತು. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ಮನೆಯಲ್ಲಿ ಬಿಯರ್ ತಯಾರಿಸುವುದು ಸಕ್ರಮವಾಯಿತು. ಅಡುಗೆಮನೆಯಲ್ಲಿ ಕೈ ಪಳಗಿಸಿಕೊಂಡವರೇ ಮುಂದೆ ಬ್ರೂವರಿ ಕಟ್ಟಿದರು. 1980ರಲ್ಲಿ ಕೆನ್ ಗ್ರಾಸ್‌ಮನ್ ಅವರ ಸಿಯೆರಾ ನೆವಾಡಾ, ಕ್ಯಾಸ್ಕೇಡ್ ಎಂಬ ಅಮೆರಿಕನ್ ಹಾಪ್ಸ್ ಬಳಸಿ ಪೇಲ್ ಏಲ್ ಮಾಡಿತು. ಚಕ್ಕೋತದ ಸಿಪ್ಪೆಗೆ ಹತ್ತಿರವಾದ ಆ ಪರಿಮಳ ಜನರಿಗೆ ಹೊಸದಾಗಿತ್ತು. ಆ ಬಂಡಾಯದ ಫಲವಾಗಿ ಇವತ್ತು ಅಮೆರಿಕದಲ್ಲಿ 9,000ಕ್ಕೂ ಹೆಚ್ಚು ಬ್ರೂವರಿಗಳಿವೆ. ಅದಕ್ಕೆ ನಾನು ಕೈಮುಗಿಯುತ್ತೇನೆ.

ಬಂಡಾಯಕ್ಕೆ ಗುರುತು ಬೇಕಾಗುತ್ತದೆ. ಲಾಗರ್ ಹಗುರ, ಆದ್ದರಿಂದ ಇವರದು ಕಹಿ. ಬಿಯರ್‌ನ ಕಹಿಯನ್ನು ಐಬಿಯು ಎಂಬ ಅಳತೆಯಲ್ಲಿ ಹೇಳುತ್ತಾರೆ. ಅಮೆರಿಕದ ಮಾಮೂಲಿ ಲಾಗರ್‌ನಲ್ಲಿ ಅದು 10ರ ಆಸುಪಾಸು, ಐಪಿಎಗಳಲ್ಲಿ 60, 70. ಕಹಿ ಯಾರಿಗೂ ಹುಟ್ಟಿನಿಂದ ಹಿಡಿಸುವುದಿಲ್ಲ, ನಾಲಿಗೆಗೆ ಅಭ್ಯಾಸ ಮಾಡಿಸಬೇಕು. ಹೀಗೆ ಕಷ್ಟಪಟ್ಟು ಕಲಿತದ್ದರ ಬಗ್ಗೆ ಮನುಷ್ಯನಿಗೆ ಅಭಿಮಾನ ಬರುವುದು ಸಹಜ. ನಮ್ಮಲ್ಲಿ ಚಿಕೋರಿ ಬೆರೆಸದ ಕಾಫಿ ಕುಡಿಯಲು ಕಲಿತವರು ಚಿಕೋರಿ ಕಾಫಿಯ ಲೋಟವನ್ನು ನೋಡುವ ಬಗೆ ನೆನಪಿಸಿಕೊಳ್ಳಿ. ನನಗಿದು ಇಷ್ಟ ಎಂಬುದು ನಿಧಾನಕ್ಕೆ ನಿನಗಿದು ಗೊತ್ತಿಲ್ಲ ಎಂದಾಗುತ್ತದೆ. ಒಬ್ಬರ ಅಭಿರುಚಿ ಅವರ ಸಾಮಾಜಿಕ ಅಂತಸ್ತಿನ ಗಡಿಯನ್ನೂ ಗೀಚುತ್ತದೆ ಎಂದು ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯೆರ್ ಬೋರ್ಡ್ಯೂ 1970ರ ದಶಕದಲ್ಲೇ ವಿವರಿಸಿದ್ದರು.

ಪ್ಯಾಬ್ಸ್ಟ್ ಬ್ಲೂ ರಿಬ್ಬನ್ ಈ ಮಾತಿಗೆ ಒಳ್ಳೆಯ ಸಾಕ್ಷಿ. ಕಾರ್ಖಾನೆ ಕೆಲಸಗಾರರ ಅಗ್ಗದ ಲಾಗರ್ ಅದು. ಮಾರಾಟ ಕುಸಿದು 1996ರಲ್ಲಿ ಮಿಲ್ವಾಕಿಯ ಮೂಲ ಬ್ರೂವರಿ ಮುಚ್ಚಿತ್ತು. 2000ದ ಆರಂಭದಲ್ಲಿ ನಗರಗಳ ಕಲಾವಿದರು, ಸೈಕಲ್ ಕೊರಿಯರ್ ಹುಡುಗರು, ಬ್ಯಾಂಡ್‌ನವರು ಅದನ್ನು ಎತ್ತಿಕೊಂಡರು. ಕಾರ್ಪೊರೇಟ್ ಥಳುಕಿಲ್ಲದ ಬಿಯರ್ ಎಂದು ಅದಕ್ಕೆ ಹೊಸ ಮಾನ ಬಂತು. ಆ ಹೊತ್ತಿನಲ್ಲಿ ಅದು ತಯಾರಾಗುತ್ತಿದ್ದುದು ಗುತ್ತಿಗೆಯ ಮೇಲೆ, ಮಿಲ್ಲರ್ ಕಂಪನಿಯ ಕಾರ್ಖಾನೆಗಳಲ್ಲಿ. ಗ್ಲಾಸ್ ಹಿಡಿದ ಕೈ ಬದಲಾದದ್ದಕ್ಕೆ ಗ್ಲಾಸಿನೊಳಗಿನದಕ್ಕೂ ಗೌರವ ಸಿಕ್ಕಿತು.

ನಾಲಿಗೆಯನ್ನೇ ನಂಬಿದ್ದೇವೆ ಎನ್ನುವವರಿಗೆ ಸಂಶೋಧನೆಗಳು ಬೇರೆಯದನ್ನೇ ಹೇಳುತ್ತವೆ. 1964ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 300ಕ್ಕೂ ಹೆಚ್ಚು ಬಿಯರ್ ಪ್ರಿಯರ ಮನೆಗೆ ಮೊದಲು ಲೇಬಲ್ ಇಲ್ಲದ ಬಾಟಲಿ, ಆಮೇಲೆ ಲೇಬಲ್ ಇದ್ದ ಬಾಟಲಿ ಕೊಟ್ಟರು. ಲೇಬಲ್ ಇಲ್ಲದಾಗ ಹೆಚ್ಚಿನವರಿಗೆ ತಮ್ಮ ನೆಚ್ಚಿನ ಬ್ರ್ಯಾಂಡ್ ಗುರುತಿಸಲಾಗಲಿಲ್ಲ. ಲೇಬಲ್ ಬಂದೊಡನೆ ಅಂಕ ಏರಿತು, ಅದರಲ್ಲೂ ತಮ್ಮ ಬ್ರ್ಯಾಂಡ್‌ಗೆ. 2006ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇನ್ನೂ ಸೂಕ್ಷ್ಮವಾದದ್ದು. ಸಂಶೋಧಕರು ಪಬ್‌ಗಳಲ್ಲಿ ಬಿಯರ್‌ಗೆ ಕೆಲವು ಹನಿ ಬಾಲ್ಸಾಮಿಕ್ ವಿನಿಗರ್ ಸೇರಿಸಿ ಕೊಟ್ಟರು. ಏನೂ ಹೇಳದೆ ಕೊಟ್ಟಾಗ ಅನೇಕರಿಗೆ ಅದೇ ಹೆಚ್ಚು ಹಿಡಿಸಿತು. ಕುಡಿದ ಮೇಲೆ ವಿಷಯ ತಿಳಿಸಿದರೂ ಮೆಚ್ಚುಗೆ ಇಳಿಯಲಿಲ್ಲ. ಕುಡಿಯುವ ಮೊದಲೇ ಹೇಳಿದವರಿಗೆ ಮಾತ್ರ ಅದು ರುಚಿಸಲಿಲ್ಲ. ಅವರು ಸುಳ್ಳು ಹೇಳುತ್ತಿರಲಿಲ್ಲ. ಮೊದಲೇ ತಿಳಿದದ್ದು ಅವರ ಅನುಭವವನ್ನೇ ಬದಲಿಸಿತ್ತು. ಕ್ರಾಫ್ಟ್ ಅಭಿಮಾನಿಗೆ ಮಾಮೂಲಿ ಲಾಗರ್ ನಿಜವಾಗಿಯೂ ಸಪ್ಪೆಯಾಗಿ ಕಾಣುವುದರಲ್ಲಿ ಇದರ ಪಾಲೂ ಇದೆ. ಐಪಿಎಗೂ ಲಾಗರ್‌ಗೂ ವ್ಯತ್ಯಾಸವೇ ಇಲ್ಲ ಎಂದು ಇದರರ್ಥವಲ್ಲ. ಅದನ್ನು ಯಾರಾದರೂ ಹೇಳಬಲ್ಲರು. ಒಂದು ತಿಳಿ ಲಾಗರ್‌ಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸವನ್ನು ಲೇಬಲ್ ಊದಿ ದೊಡ್ಡದು ಮಾಡುತ್ತದೆ, ಅಷ್ಟೆ.

ಇನ್ನು ಒಡೆತನದ ಪ್ರಶ್ನೆ. 2011ರಲ್ಲಿ ಬಡ್‌ವೈಸರ್‌ನ ಒಡೆಯರು ಷಿಕಾಗೋದ ಗೂಸ್ ಐಲ್ಯಾಂಡ್ ಬ್ರೂವರಿಯನ್ನು 3.88 ಕೋಟಿ ಡಾಲರ್‌ಗೆ ಕೊಂಡರು. ರಾತ್ರಿ ಬೆಳಗಾಗುವುದರೊಳಗೆ ಕೆಲವರಿಗೆ ಅದರ ಬಿಯರ್ ಕೆಟ್ಟುಹೋಗಿತ್ತು. ರುಚಿಯ ಮಾತಾಗಿ ನೋಡಿದರೆ ಇದು ಒಪ್ಪುವಂಥದ್ದಲ್ಲ. ಮಾರುಕಟ್ಟೆಯ ಮಾತಾಗಿ ನೋಡಿದರೆ ಒಪ್ಪಬೇಕು. ಅಮೆರಿಕದಲ್ಲಿ ಪಾನನಿಷೇಧ ಮುಗಿದ ಮೇಲೆ ತಯಾರಕ, ವಿತರಕ, ಅಂಗಡಿಯವನು ಬೇರೆ ಬೇರೆಯಾಗಿರಬೇಕೆಂಬ ವ್ಯವಸ್ಥೆ ಬಂತು. ವಿತರಕನ ಲಾರಿ ಹತ್ತದ ಬಿಯರ್ ಅಂಗಡಿಯ ಕಪಾಟು ಮುಟ್ಟುವುದು ಕಷ್ಟ. 1990ರ ದಶಕದ ನಡುವೆ ಬಡ್‌ವೈಸರ್ ತಯಾರಿಸುವ ಆನ್‌ಹೈಸರ್ ಬುಶ್ ತನ್ನ ವಿತರಕರಿಗೆ, ನಿಮ್ಮ ಪೂರ್ತಿ ಗಮನ ನಮ್ಮ ಬ್ರ್ಯಾಂಡ್‌ಗಳ ಮೇಲಿರಲಿ ಎಂದು ಒತ್ತಡ ಹಾಕಿತು. ಎಷ್ಟೋ ಸಣ್ಣ ಬ್ರೂವರಿಗಳಿಗೆ ಲಾರಿಯೇ ತಪ್ಪಿತು. ಹೆಸರುವಾಸಿಯಾದ ಕ್ರಾಫ್ಟ್ ಬ್ರೂವರಿಯೊಂದು ದೈತ್ಯ ಕಂಪನಿಯ ಕೈಸೇರಿದರೆ ಅದರ ಬಿಯರ್ ಎಲ್ಲ ಊರಿಗೂ ಅಗ್ಗವಾಗಿ ಹೋಗಿ, ಪಕ್ಕದ ಬೀದಿಯ ಸಣ್ಣವನ ಜಾಗ ನುಂಗುತ್ತದೆ. ಈ ದೂರಿನ ಪರವಾಗಿ ನಾನು ಯಾವತ್ತೂ ನಿಲ್ಲುತ್ತೇನೆ. ಆದರೆ ಇದು ಕಂಪನಿಯ ಮೇಲಿನ ದೂರು. ಆ ಬಿಯರನ್ನು ಕುಡಿಯುತ್ತಾ ಕೂತವನ ಮೇಲಿನದಲ್ಲ.

ದೊಡ್ಡ ಕಂಪನಿಗೂ ಈ ಜಗಳ ಲಾಭದ ಸರಕು. 2015ರ ಸೂಪರ್ ಬೌಲ್, ಅಂದರೆ ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಪಂದ್ಯದ ನಡುವೆ ಬಡ್‌ವೈಸರ್ ಒಂದು ಜಾಹೀರಾತು ಬಿಟ್ಟಿತು. ಮೀಸೆ ತಿರುವಿಕೊಂಡು ಗ್ಲಾಸ್ ಮೂಸಿ ನೋಡುವವರನ್ನು ಹಂಗಿಸಿ, ಅವರು ಕುಂಬಳ ಪೀಚ್ ಏಲ್ ಹೀರಿಕೊಂಡಿರಲಿ ಎಂದಿತು. ಅದಕ್ಕೆ ಕೆಲವೇ ದಿನಗಳ ಹಿಂದೆ ಅದೇ ಕಂಪನಿ ಸಿಯಾಟಲ್‌ನ ಎಲೀಷಿಯನ್ ಬ್ರೂವರಿಯನ್ನು ಕೊಳ್ಳುವುದಾಗಿ ಪ್ರಕಟಿಸಿತ್ತು. ಕುಂಬಳ ಮತ್ತು ಪೀಚ್ ಹಾಕಿದ ಏಲ್ ಮಾಡಿದ್ದ ಬ್ರೂವರಿ ಅದು.

ಬೆಂಗಳೂರಿಗೂ ಈ ಜಗಳ ಬಂದು ಹತ್ತು ವರ್ಷದ ಮೇಲಾಯಿತು. 1980ರ ದಶಕದಲ್ಲೇ ಪಬ್ ನಗರ ಎಂದು ಹೆಸರಾದ ಊರು ಇದು, ಕಿಂಗ್‌ಫಿಷರ್ ತಯಾರಿಸುವ ಯುನೈಟೆಡ್ ಬ್ರೂವರೀಸ್‌ನ ಕೇಂದ್ರವೂ ಹೌದು. 2010ರ ನಂತರ ಲ್ಯಾವೆಲ್ ರಸ್ತೆ, ಇಂದಿರಾನಗರ, ವೈಟ್‌ಫೀಲ್ಡ್‌ಗಳಲ್ಲಿ ಮೈಕ್ರೋಬ್ರೂವರಿಗಳು ತೆರೆದವು. ಅಲ್ಲೇ ತಯಾರಿಸಿ ಅಲ್ಲೇ ತಾಜಾ ಬಡಿಸುವ ಗೋಧಿ ಬಿಯರ್, ಸ್ಟೌಟ್, ಐಪಿಎ ಈ ಊರಿನ ನಾಲಿಗೆಗೆ ಹೊಸ ಲೋಕ ತೋರಿಸಿದ್ದು ನಿಜ. ಜೊತೆಗೆ, ಬಾರ್‌ನಲ್ಲಿ ನಿಂತು "ಒಂದು ಸ್ಟ್ರಾಂಗ್, ಚಿಲ್ಡ್ ಇರ್ಲಿ" ಎನ್ನುವವನನ್ನು ಕಂಡು ಮೂಗು ಮುರಿಯುವ ಚಾಳಿಯೂ ಬಂತು. ಭಾರತದಲ್ಲಿ ಮಾರಾಟವಾಗುವ ಬಿಯರ್‌ನಲ್ಲಿ ಬಹುಪಾಲು ಸ್ಟ್ರಾಂಗ್, ಅಂದರೆ ಆಲ್ಕೋಹಾಲ್ ಜಾಸ್ತಿಯಿರುವುದು. ದಿನವಿಡೀ ದುಡಿದು ಕೊಟ್ಟ ಕಾಸಿಗೆ ಎಷ್ಟು ಸಿಕ್ಕಿತೆಂದು ಲೆಕ್ಕ ಹಾಕುವವನ ಆಯ್ಕೆ ಅದು. ಮೈಕ್ರೋಬ್ರೂವರಿಯ ಒಂದು ಮಗ್‌ನ ಬೆಲೆ ಅವನ ಲೆಕ್ಕಕ್ಕೆ ಒಗ್ಗುವುದೇ ಇಲ್ಲ. ನಮ್ಮ ದೇಶದಲ್ಲೂ ಹಿಂದಿನಿಂದ ಬೆಳೆದದ್ದು ಹೆಚ್ಚಾಗಿ ಆರು ಸಾಲಿನ ಬಾರ್ಲಿಯೇ ಎಂಬುದನ್ನು ಇಲ್ಲಿ ನೆನೆಯಬೇಕು. ಅಕ್ಕಿ, ಮೆಕ್ಕೆಜೋಳ ನಮ್ಮ ಬಿಯರ್‌ಗೂ ಅಪರಿಚಿತವಲ್ಲ.

ನಮ್ಮಲ್ಲಿ ಗ್ಲಿಸರಿನ್ ಕಥೆಯೂ ಇದೆ. ನಮ್ಮೂರ ಬಿಯರ್‌ಗೆ ಗ್ಲಿಸರಿನ್ ಬೆರೆಸುತ್ತಾರೆ, ತೆಗೆದೇ ಕುಡಿಯಬೇಕು ಎಂದು ನಂಬಿದವರು ಬಾಟಲಿಯನ್ನು ನೀರು ತುಂಬಿದ ಗ್ಲಾಸಿಗೆ ಬೋರಲು ಹಾಕುತ್ತಾರೆ. ಬಾಟಲಿಯಿಂದ ಎಳೆಎಳೆಯಾಗಿ ಏನೋ ಇಳಿಯುತ್ತದೆ, ನೋಡಿದ್ರಾ ಎನ್ನುತ್ತಾರೆ. ಇಳಿಯುವುದು ಬಿಯರೇ. ಸಕ್ಕರೆಯ ಉಳಿಕೆ ಇರುವುದರಿಂದ ಬಿಯರ್ ನೀರಿಗಿಂತ ಒಂದಿಷ್ಟು ತೂಕ, ಹಾಗಾಗಿ ಕೆಳಗಿಳಿಯುತ್ತದೆ. ನೀರು ಮೇಲೆ ಹತ್ತುತ್ತದೆ. ಇನ್ನು ಗ್ಲಿಸರಿನ್ ಎಂಬುದು ಯೀಸ್ಟ್ ಹುದುಗುವಾಗ ತಾನಾಗಿಯೇ ಹುಟ್ಟುವ ವಸ್ತು, ಲೀಟರಿಗೆ ಒಂದೆರಡು ಗ್ರಾಂ. ದುಬಾರಿ ಕ್ರಾಫ್ಟ್ ಬಿಯರ್‌ನಲ್ಲೂ ಇರುತ್ತದೆ.

ನಿಮ್ಮ ನಾಲಿಗೆಯನ್ನು ನೀವೇ ಪರೀಕ್ಷಿಸಬೇಕೆಂದಿದ್ದರೆ ಬ್ರೂವರಿಗಳ ರುಚಿ ಪರೀಕ್ಷಕರೇ ಬಳಸುವ ಸರಳ ಕ್ರಮವೊಂದಿದೆ. ಎರಡು ಬಗೆಯ ತಿಳಿ ಲಾಗರ್ ತನ್ನಿ, ಒಂದು ಅಗ್ಗದ್ದು, ಒಂದು ದುಬಾರಿಯದು. ಎರಡೂ ಒಂದೇ ಹದಕ್ಕೆ ತಣ್ಣಗಿರಲಿ. ನೀವು ಆ ಕಡೆ ತಿರುಗಿ ಕೂತಾಗ ಮನೆಯವರೊಬ್ಬರು ಒಂದೇ ಥರದ ಮೂರು ಲೋಟಗಳಿಗೆ ಎರಡೆರಡು ಗುಟುಕಿನಷ್ಟು ಸುರಿಯಲಿ: ಎರಡರಲ್ಲಿ ಒಂದು ಬಿಯರ್, ಮೂರನೆಯದರಲ್ಲಿ ಇನ್ನೊಂದು. ಬೇರೆಯಾದದ್ದು ಯಾವುದು ಎಂದು ಮಾತ್ರ ಹೇಳಿ, ಯಾವುದು ಒಳ್ಳೆಯದು ಎಂಬುದು ಸದ್ಯಕ್ಕೆ ಬೇಡ. ಕಣ್ಣುಮುಚ್ಚಿ ಊಹಿಸಿದರೂ ಮೂರಕ್ಕೊಂದು ಸಲ ಸರಿಯಾಗುತ್ತದೆ, ಆದ್ದರಿಂದ ಲೋಟಗಳ ಜಾಗ ಬದಲಿಸುತ್ತಾ ಆರು ಸಲ ಮಾಡಿ. ಬರೀ ಊಹಿಸುವವನಿಗೆ ಆರರಲ್ಲಿ ಕನಿಷ್ಠ ಐದು ಸರಿಯಾಗುವ ಸಂಭವ 100ಕ್ಕೆ 2ಕ್ಕಿಂತಲೂ ಕಡಿಮೆ. ಹತ್ತು ನಿಮಿಷದ ಕೆಲಸ, ಉತ್ತರಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಕೊನೆಗೆ ಬಾಟಲಿ ನೋಡಿ.